ಒಡಪಿಗೆ ಕೂಡದ ಹೆಸರು

ನನ್ನ ಗಂಡ ಬಾದಾಮಿ ಕೋಟೆಯನ್ನು ಶತ್ರುಗಳಿಂದ ಕಾಪಾಡಿದ ವೀರ ಎಂಬ ಸಂಗತಿ ನನಗೆ ತಿಳಿದದ್ದು ಮದುವೆಯಾಗಿ ಹತ್ತೊಂಬತ್ತು ವರ್ಷಗಳ ಮೇಲೆ, ಒಂದು ಪುಸ್ತಕದ ಅಡಿಟಿಪ್ಪಣಿಯಿಂದ. ಅಲ್ಲಿಯವರೆಗೆ ಅವರು ಇಳಕಲ್ಲಿನ ಬಜಾರದಲ್ಲಿ ಔಷಧದ ಅಂಗಡಿ ಇಟ್ಟುಕೊಂಡವರು, ಬಚ್ಚಲಲ್ಲಿ ಹಲ್ಲಿ ಕಂಡರೆ ನನ್ನನ್ನು ಕೂಗುವವರು ಎಂದಷ್ಟೇ ತಿಳಿದಿದ್ದೆ. ಅವರನ್ನು ಇತಿಹಾಸಕ್ಕೆ ಸೇರಿಸಿದವಳು ನಮ್ಮ ಪಕ್ಕದ ಮನೆಯ ಕಾಕು. ಕಾಕು ಎಂದರೆ ಚಿಕ್ಕಮ್ಮ; ಓಣಿಗೆಲ್ಲ ಆಕೆ ಕಾಕುವೇ. ತೀರಿಕೊಂಡು ಈಗ ನಾಲ್ಕು ತಿಂಗಳಾಯಿತು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ತೊಟ್ಟಿಲಿನ ಕಾರ್ಯದಲ್ಲಿ ಹೇಳಲೇಬೇಕಾಗಿ ಬಂದರೆ ಪ್ರಾಸವಿರುವ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಇಟ್ಟು ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹೀಗಾಗಿ ಹೊಸ ಮದುಮಗಳಾಗಿ ಇಳಕಲ್ಲಿನ ಮನೆಯ ಹೊಸ್ತಿಲಿಗೆ ಬಂದಾಗ ನನ್ನಲ್ಲಿ ಒಳ್ಳೆಯ ಕೈಬರಹವಿತ್ತು, ಒಡಪು ಇರಲಿಲ್ಲ.

"ವೈನೀ, ಒಡಪ ಹಚ್ಚಿ ನಮ್ಮಣ್ಣನ ಹೆಸರ ಹೇಳ್ರಿ. ಹೇಳೂತನಕ ಬಾಗಲಾ ಬಿಡೂದಿಲ್ಲ ನೋಡ್ರಿ," ಎಂದು ಇಬ್ಬರು ನಾದಿನಿಯರು ಅಡ್ಡ ನಿಂತರು.

ಸಿಸ್ಟರ್ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, "ಮಿಸ್ಟರ್ ಚನ್ನವೀರ," ಎಂದೆ.

"ಅಯ್ಯ! ಮಿಸ್ಟರಂತ ಮಿಸ್ಟರ! ಇಂಗ್ಲಿಷ್ ಒಡಪ ನಮ್ಮ ಬಾಗಲಕ್ಕ ತಿಳಿಯಾಂಗಿಲ್ರಿ ವೈನಿ."

ಓಣಿ ಪೂರ್ತಿ ನಕ್ಕಿತು. ನನ್ನ ಬಾಸಿಂಗದ ದಾರ ಬೆವರಿಗೆ ಒದ್ದೆಯಾಗಿ ಕಿವಿಗೆ ಅಂಟಿಕೊಂಡಿತ್ತು. ಆಗ ತೆರೆದಿಟ್ಟ ಕದಕ್ಕೂ ಗೋಡೆಗೂ ನಡುವಿನ ಗೇಣಗಲದ ಕತ್ತಲಿನಿಂದ ಒಂದು ಪಿಸುಮಾತು ಬಂತು. "ನಾ ಅಂದಂಗ ಅನ್ನವಾ. ಬಾದಾಮಿ ಗುಡ್ಡದಾಗ..."

ನಾನು ಗಿಳಿಯ ಹಾಗೆ ಒಪ್ಪಿಸಿದೆ.

ಬಾದಾಮಿ ಗುಡ್ಡದಾಗ ಮಂಗ್ಯಾನ ದಂಡ,
ಚನ್ನವೀರ ಅನ್ನಾವರು ನನ್ನ ಗಂಡ.

ನಗೆಗೆ ಮಾಳಿಗೆ ಹಾರುವಂತಾಯಿತು. ಹಿಂದಿನ ವಾರವಷ್ಟೇ ಲಗ್ನಪತ್ರಿಕೆ ಹಂಚಲು ಬಾದಾಮಿಗೆ ಹೋಗಿದ್ದ ಇವರ ಕೈಚೀಲವನ್ನು ಮಂಗವೊಂದು ಕಸಿದುಕೊಂಡು ಗುಡ್ಡ ಹತ್ತಿತ್ತಂತೆ. ಊರಿಗೆಲ್ಲ ಗೊತ್ತಿದ್ದ ಈ ವಿಷಯ ನನಗೊಬ್ಬಳಿಗೆ ಗೊತ್ತಿರಲಿಲ್ಲ. ನಾದಿನಿಯರು ಹೊಟ್ಟೆ ಹಿಡಿದುಕೊಂಡೇ ದಾರಿ ಬಿಟ್ಟರು. ಒಳಗೆ ಕಾಲಿಡುವಾಗ ಕದದ ಹಿಂದೆ ಕಂಡದ್ದು ಒಂದು ಕನ್ನಡಕ, ಅದರ ಮುರಿದ ಕಡ್ಡಿಗೆ ಸುತ್ತಿದ ಕೆಂಪು ರೇಷ್ಮೆ ನೂಲು.

ಕಾಕು ಬಾಗಿಲ ಹಿಂದೆ ಏಕೆ ನಿಂತಿದ್ದಳು ಎಂದು ಆಮೇಲೆ ಅತ್ತೆಯನ್ನು ಕೇಳಿದೆ. "ಗಂಡ ಇಲ್ಲಲ್ಲವಾ ಆಕಿಗೆ. ಶುಭಕಾರ್ಯದಾಗ ತಾನ ಹಿಂದ ನಿಂತಿರತಾಳ. ನಮ್ಮೊಳಗ ಹಂಥಾದ್ದೇನೂ ಇಲ್ಲ ಮತ್ತ," ಎಂದರು. ನಿಜ, ನಮ್ಮೊಳಗೆ ಅಂಥದ್ದೇನೂ ಇಲ್ಲ. ಅವರು ತಾವಾಗಿಯೇ ಹಿಂದೆ ನಿಲ್ಲುತ್ತಾರೆ. ನಾವು ಅವರ ಸ್ವಾತಂತ್ರ್ಯಕ್ಕೆ ಅಡ್ಡಿ ಬರುವುದಿಲ್ಲ, ಅಷ್ಟೆ.

ಕಾಕುವಿನ ಗಂಡ ನೇಕಾರ. ಅವರು ಹೋದ ಮೇಲೆ ಆಕೆ ಬೇರೆಯವರ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಸಣ್ಣ ಕೊಳವೆ. ಪಡಸಾಲೆಯಲ್ಲಿ ರಾಟಿ ತಿರುವುತ್ತ ಕೂತವಳ ಬಳಿಗೆ ಮದುವೆ ಗೊತ್ತಾದ ಹುಡುಗಿಯರು ಬರುತ್ತಿದ್ದರು. ಆಕೆ ಮೂರೇ ಪ್ರಶ್ನೆ ಕೇಳುತ್ತಿದ್ದಳು. "ಹುಡುಗ ಏನ ತಿಂತಾನ? ಸಿಟ್ಟ ಬಂದ್ರ ಏನ ಮಾಡ್ತಾನ? ಮನ್ಯಾಗ ಏನಂತ ಕರೀತಾರ?" ನೌಕರಿ, ಪಗಾರ, ಹೊಲ ಕೇಳುತ್ತಿರಲಿಲ್ಲ. ಒಂದು ಕಂಡಿಕೆ ತುಂಬುವಷ್ಟರಲ್ಲಿ ಆಕೆಯ ಅಂಗೈ ಚಕ್ರದ ಮೇಲೆ ಬಂದು ಕೂತು ರಾಟಿ ನಿಲ್ಲುತ್ತಿತ್ತು. ಗೋಡೆಯಾಚೆ ಅಡುಗೆಮನೆಯಲ್ಲಿದ್ದ ನನಗೆ ಅದು ಗೊತ್ತಾಗುತ್ತಿತ್ತು. ರಾಟಿಯ ಸದ್ದು ನಿಂತಿತೆಂದರೆ ಒಡಪು ಹುಟ್ಟಿತು.

ಕಂಡಕ್ಟರನ ಕೈ ಹಿಡಿಯಲಿದ್ದ ಹುಡುಗಿಗೆ ಕೊಟ್ಟದ್ದು ನೆನಪಿದೆ.

ಕೆರೂರ ಸ್ಟ್ಯಾಂಡಿನಾಗ ಬಸ್ಸಿನ ಗದ್ದಲ,
ಈರಣ್ಣ ಸೀಟಿ ಊದಿದ್ರ ನಾನ ಹತ್ತಾಕಿ ಮೊದಲ.

ಮೂವತ್ತು ವರ್ಷ ಸಂಸಾರ ಮಾಡಿಯೂ ವಾರಕ್ಕೊಮ್ಮೆ ಮಾತು ಬಿಡುವ ಗಂಡನ ಹೆಂಡತಿಗೆ, ಸೊಸೆಯ ಕುಬಸದಲ್ಲಿ ಹೇಳಲೆಂದು ಕಟ್ಟಿದ್ದು ಇದು.

ರೊಟ್ಟಿ ಬಡೀತೇನಿ ಟಪ ಟಪ ಟಪ್ಪ,
ಸಿಟ್ಟಾಗಿ ಮಾತ ಬಿಟ್ಟಾರ ನಮ್ಮ ನಿಂಗಪ್ಪ.

ಆ ನಿಂಗಪ್ಪ ಅಂದೇ ಸಂಜೆ ಮಾತಾಡಿದರಂತೆ. ಯಾವ ಕವನಸಂಕಲನಕ್ಕೆ ಇಂಥ ಪರಿಣಾಮವಿದೆ, ಹೇಳಿ.

ಕೆಲವರು ಬೆಳ್ಳಿ ಬಟ್ಟಲು, ಬಂಗಾರದ ತೊಟ್ಟಿಲು ಹಾಕಿ ತಾವೇ ಒಡಪು ಕಟ್ಟಿಕೊಂಡು ಬಂದು ತೋರಿಸುತ್ತಿದ್ದರು. "ನಿಮ್ಮ ಮನ್ಯಾಗ ಐತೇನ ಬೆಳ್ಳಿ ಬಟ್ಲಾ?" ಎನ್ನುತ್ತಿದ್ದಳು ಕಾಕು. "ಮೊದಲ ಬಂದದ್ದ ಎಲ್ಲಾರಿಗೂ ಬರತೈತಿ. ಅದನ್ನ ಬಿಡು, ರಾಟಿ ಮತ್ತ ತಿರುವು." ಆಕೆಯ ಇನ್ನೊಂದು ನಿಯಮ ಸೀರೆಯಿಂದ ಬಂದದ್ದು. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. "ಹೆಸರ ಅಂದ್ರ ಸೆರಗ ಇದ್ದಂಗ. ಮೈಗೆ ಕೂಡಬೇಕು, ಕೊಂಡಿ ಕಾಣಬಾರದು."

ಒಂದು ಮಧ್ಯಾಹ್ನ ಆಕೆಯೇ ಹೇಳಿದಳು: "ನಾ ಲಗ್ನಾಗಿ ಬಂದಾಗ ಓಣ್ಯಾಗ ಯಾರ ಕಾರ್ಯ ಇದ್ರೂ ನನ್ನ ಒಡಪ ಕೇಳಾಕ ಮಂದಿ ಕೂಡತಿದ್ರು. ಅವರು ಹೋದ ಮ್ಯಾಲ ಯಾರೂ ಕೇಳಲಿಲ್ಲ. ಹೆಸರ ಇಲ್ದಾಕಿಗೆ ಒಡಪ ಯಾಕಂತ." ಮಾತು ಮುಗಿಸಿ ನೂಲಿನ ತುದಿಯನ್ನು ಹಲ್ಲಿನಿಂದ ಕಡಿದಳು. ಗಂಡ ಸತ್ತರೆ ಅನ್ನ ಹೋಗುತ್ತದೆ, ಬಳೆ ಹೋಗುತ್ತದೆ ಎಂದು ನಾನು ಓದಿದ್ದೆ. ಕವಿಯ ವೇದಿಕೆಯೂ ಹೋಗುತ್ತದೆಂದು ಎಲ್ಲಿಯೂ ಓದಿರಲಿಲ್ಲ.

ಈ ಹೊತ್ತಿಗೆ ನಾನೂ ಸಾಹಿತಿಯಾಗುತ್ತಿದ್ದೆ. ಮಕ್ಕಳು ದೊಡ್ಡವರಾಗಿ, ಮಧ್ಯಾಹ್ನಗಳು ಖಾಲಿಯಾಗಿ, ಬರಹಗಾರ್ತಿಯರ ಬಳಗವೊಂದಕ್ಕೆ ಸೇರಿದೆ. ಬಳಗವೆಂದರೆ ಮುಖ್ಯವಾಗಿ ಒಂದು ವಾಟ್ಸಾಪ್ ಗುಂಪು. ಬೆಳಗ್ಗೆ ಒಬ್ಬರು ಕವನ ಹಾಕುತ್ತಾರೆ. ಅದರ ಕೊನೆಯ ಸಾಲು ಪರದೆಯ ಮೇಲೆ ಮೂಡುವ ಮೊದಲೇ ಚಪ್ಪಾಳೆಯ ಕೈಗಳು ಬಂದು ಬೀಳುತ್ತವೆ. ಚಪ್ಪಾಳೆ ಹೊಡೆದವರ ಕವನಕ್ಕೆ ಮರುದಿನ ನಾವು ಹೊಡೆಯಬೇಕು. ವಾರಕ್ಕೊಂದು ಸ್ಪರ್ಧೆ, ಸ್ಪರ್ಧಿಸಿದವರಿಗೆಲ್ಲ ಹೂಬಳ್ಳಿಯ ಅಂಚಿನ ಪ್ರಮಾಣಪತ್ರ. ವರ್ಷದಲ್ಲಿ ನನಗೆ ಎಷ್ಟು ಪ್ರಮಾಣಪತ್ರ ಬಂದವೆಂದರೆ ಮೊಬೈಲು ನಿಧಾನವಾಯಿತು.

ನನ್ನ 'ತಾಯಿ, ನೀನೊಂದು ಸಾಗರ' ಎಂಬ ಕವನವನ್ನು ಕಾಕುವಿಗೆ ಓದಿ ತೋರಿಸಿದೆ. ರಾಟಿ ನಿಲ್ಲಲಿಲ್ಲ.

"ಸಾಗರ ನೋಡೀಯೇನ?"

"ಗೋವಾಕ್ಕ ಹೋದಾಗ ನೋಡೇನ್ರಿ ಕಾಕು."

"ನಿಮ್ಮವ್ವ ಹಂಗ ಅದಾಳೇನ? ಉಪ್ಪುಪ್ಪ?"

ನಾನು ಮೊಬೈಲನ್ನು ಬೋರಲು ಇಟ್ಟೆ.

"ಕಾನ್ವೆಂಟಿನಾಕಿ, ಸಿಟ್ಟಾಗಬ್ಯಾಡ. ನಿಮ್ಮವ್ವ ಏನ ಮಾಡತಾಳ, ಅದನ್ನ ಹೇಳ."

ಯೋಚಿಸಿದೆ. "ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲಾ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿರತಾಳ್ರಿ. ನಾವ ಸಣ್ಣವರಿದ್ದಾಗ ಮಳ್ಯಾಗ ನಮಗೂ ಹಂಗ ಚೀಲಾ ಕಟ್ಟಿ ಕಳಸತಿದ್ಲು."

ಅಂಗೈ ಚಕ್ರದ ಮೇಲೆ ಬಂದು ಕೂತಿತು. ರಾಟಿ ನಿಂತಿತು. "ಅದ ನೋಡವಾ," ಎಂದಳು ಕಾಕು.

ಆ ಮಧ್ಯಾಹ್ನದ ಸಂತೋಷವನ್ನು ನನಗೆ ಯಾವ ಪ್ರಮಾಣಪತ್ರವೂ ಕೊಟ್ಟಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋಗುವವರೆಗೆ ಕೂತು ಬರೆದೆ. ಬಳಗದಲ್ಲಿ ಹಾಕಿದೆ. "ರಬ್ಬರ್ ಬ್ಯಾಂಡ್ ಎಂಬ ಪದ ಕಾವ್ಯಾತ್ಮಕವಾಗಿಲ್ಲ," ಎಂದು ಅಧ್ಯಕ್ಷರು ತಿಳಿಸಿದರು. ಸಾಗರಕ್ಕೆ ಪ್ರಥಮ ಬಹುಮಾನ ಬಂತು. ಹೇಳಿಕೊಳ್ಳಲು ನಾಚಿಕೆ, ನಾನು ಸಾಗರವನ್ನೇ ಸಂಕಲನದ ಮೊದಲ ಪುಟಕ್ಕೆ ಇಟ್ಟೆ.

ಸಂಕಲನವೆಂದ ಮೇಲೆ ಮುನ್ನುಡಿ ಬೇಕಲ್ಲ. ಬಾಗಲಕೋಟೆಯಲ್ಲೊಬ್ಬರು ನಿವೃತ್ತ ಅಧ್ಯಾಪಕರು, ಜನಪದ ಸಂಶೋಧಕರು. ಅವರ ಮುನ್ನುಡಿ ಇಲ್ಲದ ಪುಸ್ತಕ ನಮ್ಮ ಕಡೆ ಮುಂಜಿಯಿಲ್ಲದ ವಟುವಿದ್ದಂತೆ. ನನ್ನ ಹಸ್ತಪ್ರತಿ ತೆಗೆದುಕೊಂಡ ಅವರು, "ನಿಮ್ಮ ಇಳಕಲ್ಲಿನಲ್ಲಿ ಒಡಪು ಹೇಳುವ ಹಳಬರು ಯಾರಾದರೂ ಇದ್ದಾರೆಯೇ?" ಎಂದರು. ಮುನ್ನುಡಿಯ ಆಸೆಗೆ ಅವರನ್ನು ಕಾಕುವಿನ ಪಡಸಾಲೆಗೆ ಕರೆತಂದವಳು ನಾನೇ.

ಮೂರು ಮಧ್ಯಾಹ್ನ ಅವರು ಮೊಬೈಲನ್ನು ನೂಲಿನ ಬುಟ್ಟಿಗೆ ಆನಿಸಿಟ್ಟು ಧ್ವನಿ ಮುದ್ರಿಸಿಕೊಂಡರು. ಎಷ್ಟೋ ವರ್ಷಗಳ ಮೇಲೆ ಒಬ್ಬರು ಕೂತು ಕೇಳಿದ ಸಂತೋಷಕ್ಕೆ ಕಾಕು ಒಂದಾದ ಮೇಲೊಂದು ಹೇಳಿಯೇ ಹೇಳಿದಳು.

"ಇವನ್ನೆಲ್ಲ ನಿಮಗೆ ಯಾರು ಕಲಿಸಿದರಮ್ಮಾ?"

"ಯಾರೂ ಇಲ್ರಿ ಸರ. ನಾನ ಕಟ್ಟೇನಿ."

"ಹಾಗಲ್ಲಮ್ಮಾ. ಜನಪದಕ್ಕೆ ಕರ್ತೃ ಇರುವುದಿಲ್ಲ. ಅದು ತಾನಾಗಿ ಹುಟ್ಟುತ್ತದೆ."

"ಹೌದ್ರ್ಯಾ? ಹಂಗಾದ್ರ ನಾ ಯಾರ್ರಿ?"

"ನೀವು ವಕ್ತೃ," ಎಂದು ಅವರು ದೊಡ್ಡ ಮನಸ್ಸಿನಿಂದ ಹೇಳಿದರು.

ಅವರು ಹೋದ ಮೇಲೆ ಕಾಕು ನನ್ನನ್ನು ಕೇಳಿದಳು, "ವಕ್ತೃ ಅಂದ್ರ ಏನವಾ? ಬೈಗಳೇನ?"

"ಅಲ್ರಿ ಕಾಕು. ಹೇಳಾಕಿ ಅಂತ ಅರ್ಥ."

"ಮತ್ತ ಕಟ್ಟಾಕಿಗೆ ಏನಂತಾರ?"

ನಾನು ಚಹಾ ಸೋಸುವುದರಲ್ಲಿ ಮಗ್ನಳಾದೆ.

ಪುಸ್ತಕದ ಬಿಡುಗಡೆ ಬಾಗಲಕೋಟೆಯ ನವನಗರದ ಸಭಾಭವನವೊಂದರಲ್ಲಿ. ನಿರೂಪಣೆ ನನ್ನದು. ಕಾಕುವನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಗಂಡ ನೇಯ್ದ ದಾಳಿಂಬೆ ಬಣ್ಣದ ಸೀರೆಯುಟ್ಟು, ನಾಲ್ಕನೆಯ ಸಾಲಿನಲ್ಲಿ, ಕುರ್ಚಿಯ ಬೆನ್ನಿಗೆ ಒರಗಿಕೊಳ್ಳದೆ ಕೂತಳು. ವೇದಿಕೆಯ ಮೇಲೆ ಪುಸ್ತಕ ಕೈಗೆ ಬಂದಾಗ ನಾನು ಮೊದಲು ತೆರೆದದ್ದು ನನ್ನ ಗಂಡನಿದ್ದ ಪುಟ. ಅಡಿಟಿಪ್ಪಣಿ ಹೀಗಿತ್ತು: "ಮಂಗ್ಯಾನ ದಂಡು ಎಂಬುದು ಶತ್ರುಸೈನ್ಯಕ್ಕೆ ರೂಪಕ. ಪ್ರಾಚೀನ ಕನ್ನಡದಲ್ಲಿ ಗಂಡ ಎಂದರೆ ವೀರ. ಚನ್ನವೀರನು ಬಾದಾಮಿ ಕೋಟೆಯನ್ನು ರಕ್ಷಿಸಿದ, ಇತಿಹಾಸಕಾರರ ಕಣ್ಣಿಗೆ ಬೀಳದ ಸ್ಥಳೀಯ ನಾಯಕನಿರಬೇಕು." ಕೊನೆಯ ಪುಟದಲ್ಲಿ ಮಾಹಿತಿ ನೀಡಿದವರ ಪಟ್ಟಿ. ಅದರಲ್ಲಿ ಒಂದು ಸಾಲು: "ಇಳಕಲ್ಲಿನ ಒಬ್ಬ ವೃದ್ಧೆ."

ಸಂಶೋಧಕರು ಭಾವುಕರಾಗಿ ಮಾತಾಡಿದರು. "ಈ ಒಡಪುಗಳನ್ನು ಕಟ್ಟಿದ ಅನಾಮಿಕ ತಾಯಂದಿರು ಇಂದು ನಮ್ಮೊಂದಿಗಿಲ್ಲ. ಅವರ ಸ್ಮರಣೆಗಾಗಿ ನಾವೆಲ್ಲ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಸಭೆ ಎದ್ದಿತು. ಕಾಕುವೂ ಎದ್ದಳು. ಸೆರಗನ್ನು ತಲೆಯ ಮೇಲೆ ಹೊದ್ದು, ಕೈ ಜೋಡಿಸಿ, ತನ್ನ ಸಾವಿಗೆ ತಾನೇ ಒಂದು ನಿಮಿಷ ನಿಂತಳು. ಎಲ್ಲರೂ ಕೂತ ಮೇಲೂ ಕೂರಲಿಲ್ಲ.

"ಸರ, ನಾ ಇನ್ನೂ ಅದೇನ್ರಿ," ಎಂದಳು.

"ಅಮ್ಮಾ, ಸಂವಾದ ಆಮೇಲೆ ಇದೆ," ಎಂದರು ಸಂಶೋಧಕರು. ಯಾರೋ ಆಕೆಗೆ ನೀರಿನ ಬಾಟಲಿ ಕೊಟ್ಟರು. ಕಾಕು ನನ್ನತ್ತ ನೋಡಿದಳು. ಮೈಕು ನನ್ನ ಕೈಯಲ್ಲಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ನನ್ನ ಹಸ್ತಪ್ರತಿ ಆ ಮಹನೀಯರ ಚೀಲದಲ್ಲಿತ್ತು, ಮುನ್ನುಡಿ ಇನ್ನೂ ಅವರ ಪೆನ್ನಿನಲ್ಲಿತ್ತು.

"ಈಗ ಗಣ್ಯರಿಗೆ ನೆನಪಿನ ಕಾಣಿಕೆ," ಎಂದೆ. ಉಚ್ಚಾರ ಬಹಳ ಸ್ಪಷ್ಟವಾಗಿತ್ತು ಎಂದು ಎಲ್ಲರೂ ಹೊಗಳಿದರು.

ಮರಳುವ ಬಸ್ಸು ಹುನಗುಂದದಲ್ಲಿ ನಿಂತಾಗ ಕಾಕು ಕಿಟಕಿಯಿಂದ ಶೇಂಗಾ ಕೊಂಡಳು. ಸುಲಿದು ಮೊದಲ ಹಿಡಿಯನ್ನು ನನ್ನ ಕೈಗೇ ಹಾಕಿದಳು.

"ತಪ್ಪಾತ್ರಿ ಕಾಕು. ನಾ ಹೇಳಬೇಕಿತ್ತು. ಅವರು ನಿಮ್ಮ ಹೆಸರ ಹಾಕಬೇಕಿತ್ತು."

"ಅವರಿಗೇನ ಗೊತ್ತವಾ? ನನ್ನ ವಯಸ್ಸ ಕೇಳಿದ್ರು, ಜಾತಿ ಕೇಳಿದ್ರು, ಗಂಡನ ಹೆಸರ ಕೇಳಿದ್ರು. ನನ್ನ ಹೆಸರ ಕೇಳಲಿಲ್ಲ." ಸಿಪ್ಪೆಯನ್ನು ಪೊಟ್ಟಣಕ್ಕೆ ಹಾಕಿ ಮಡಚಿದಳು. "ನೀನರ ಕೇಳೀಯೇನ?"

ಬಸ್ಸು ಹೊರಟಿತು. ಹತ್ತೊಂಬತ್ತು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದ್ದೆವು. ಆಕೆ ಚಹಾಕ್ಕೆ ಎಷ್ಟು ಬೆಲ್ಲ ಹಾಕುತ್ತಾಳೆ, ಯಾವ ಮೊಣಕಾಲು ನೋಯುತ್ತದೆ, ಎಲ್ಲ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ.

"ಈಗ ಕೇಳತೇನ್ರಿ. ಹೇಳ್ರಿ."

"ಸುಮ್ನ ಹೆಂಗ ಹೇಳಲಿ? ಸುಮ್ನ ಹೇಳಿದ್ರ ಅದು ರೇಶನ್ ಕಾರ್ಡ ಆಕ್ಕೈತಿ. ತಡಿ, ಒಡಪ ಹಚ್ಚಿ ಹೇಳತೇನಿ."

ಹೀಗೆ ಶುರುವಾಯಿತು ಆಕೆಯ ಕೊನೆಯ ಕೆಲಸ. ಊರ ಗಂಡಸರನ್ನೆಲ್ಲ ಒಂದೊಂದು ಕಂಡಿಕೆಯಲ್ಲಿ ಮುಗಿಸುತ್ತಿದ್ದವಳಿಗೆ ತನ್ನ ಹೆಸರು ಒಲಿಯಲಿಲ್ಲ. ರಾಟಿ ನಿಲ್ಲುತ್ತಿತ್ತು. ನಾನು ಒಲೆ ಆರಿಸಿ ಓಡಿ ಹೋದರೆ, "ಇಲ್ಲ ಬಿಡು, ಕೊಂಡಿ ಕಾಣತಾವು," ಎಂದು ಮತ್ತೆ ತಿರುವುತ್ತಿದ್ದಳು. "ಎಲ್ಲಾರ ಹೆಸರ ಕೂಡತಾವು, ನಂದ ಕೂಡವಲ್ದು. ಹಿಂದ ಯಾರೂ ಕಟ್ಟಿಲ್ಲ ನೋಡ, ದಾರಿ ಇಲ್ಲ." ಗೊಣಗಿದರೂ ಆ ದಿನಗಳಲ್ಲಿ ಆಕೆಯ ಮುಖ ಮೈನೆರೆದ ಹುಡುಗಿಯದರಂತೆ ಹೊಳೆಯುತ್ತಿತ್ತು.

ನಡುವೆ ಆ ಪುಸ್ತಕವನ್ನು ನನ್ನಿಂದ ಓದಿಸಿಕೊಂಡಳು. ತನ್ನ ಹೆಸರಿಲ್ಲದ ಪುಟವನ್ನು ತಣ್ಣಗೆ ದಾಟಿದವಳು ಒಡಪುಗಳಿಗೆ ಬಂದಾಗ ಕೆರಳಿದಳು. ಸಂಶೋಧಕರು 'ದಂಡ'ವನ್ನು ತಿದ್ದಿ 'ದಂಡು' ಮಾಡಿದ್ದರು. 'ಗಂಡ' ಹಾಗೆಯೇ ಉಳಿದಿತ್ತು. 'ಮೊದಲ' ಹೋಗಿ 'ಮೊದಲು' ಬಂದಿತ್ತು, 'ಗದ್ದಲ' ಜೋಡಿಯಿಲ್ಲದೆ ನಿಂತಿತ್ತು. ಶುದ್ಧ ಕನ್ನಡದ ಅಭಿಮಾನ.

"ಹೆಸರ ಬಿಟ್ಟದ್ದ ಬಿಟ್ರು, ಪ್ರಾಸ ಕಡದಾರಲ್ಲ! ಅವರ ಕೈ ಮುರೀಲಿ! ಪೆನ್ಸಿಲ್ ತಗೊಂಬಾ."

ಒಂದೊಂದು ಸಂಜೆ ಒಂದೊಂದು ಪುಟ, ಇಡೀ ಪುಸ್ತಕವನ್ನು ತಿದ್ದಿದೆವು. ಆಕೆ ಹೇಳಿದಳು, ನಾನು ಕಾನ್ವೆಂಟಿನ ಕೈಬರಹದಲ್ಲಿ ಬರೆದೆ. ಬರೆಯುವುದೆಂದರೇನು ಎಂದು ನಾನು ಕಲಿತದ್ದು ಆ ಸಂಜೆಗಳಲ್ಲಿ, ಅರ್ಧ ಅಕ್ಷರಕ್ಕಾಗಿ ಶಾಪ ಹಾಕುತ್ತಿದ್ದವಳ ಪಕ್ಕದಲ್ಲಿ ಕೂತು.

ಒಂದು ಮುಂಜಾನೆ ರಾಟಿಯ ಸದ್ದು ಬರಲಿಲ್ಲ. ಒಡಪು ಹುಟ್ಟಿತೆಂದು ಹೋದೆ. ಆಕೆ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದಳು.

ಬಳಗದವರು ಓಣಿಯ ತುದಿಗೆ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ಅಧ್ಯಕ್ಷರ ಚಿತ್ರ ದೊಡ್ಡದು, ಪದಾಧಿಕಾರಿಗಳದು ಮಧ್ಯಮ, ಕಾಕುವಿನದು ಅಂಚೆಚೀಟಿಯಷ್ಟು. 'ಜನಪದ ಕೋಗಿಲೆ' ಎಂಬ ಬಿರುದು ಬೇರೆ. ಆಕೆ ಬದುಕಿನಲ್ಲಿ ಒಂದು ದಿನವೂ ಹಾಡಿದವಳಲ್ಲ. ಅದರ ಕೆಳಗೆ ಆಕೆಯ ಹೆಸರಿತ್ತು. ನಾನು ಅದನ್ನು ಮೊದಲ ಸಲ ಓದಿದ್ದು ಅಲ್ಲಿ, ತರಕಾರಿ ಚೀಲ ಹಿಡಿದು, ರಸ್ತೆಯಲ್ಲಿ ನಿಂತು. ಸಣ್ಣ ಹೆಸರು, ಮೂರೇ ಅಕ್ಷರ.

ಅದೇ ವಾರ ನನ್ನ ಮುನ್ನುಡಿಯೂ ಬಂತು. ಮೊದಲ ಪ್ಯಾರಾ ಪೂರ್ತಿ, ಹೆಂಡತಿಯ ಬರವಣಿಗೆಗೆ ಪ್ರೋತ್ಸಾಹ ನೀಡಿದ ಶ್ರೀ ಚನ್ನವೀರರ ಔದಾರ್ಯದ ಬಗ್ಗೆ. ಆ ವೀರರಿಗೆ ಓದಿ ಹೇಳಿದೆ. "ನಾ ಯಾವಾಗ ಪ್ರೋತ್ಸಾಹ ಕೊಟ್ಟೆ?" ಎಂದು ಅವರು ನಿಜವಾಗಿಯೂ ಗಾಬರಿಯಾದರು. ಮುನ್ನುಡಿಯನ್ನು ಮಡಚಿ ಕಪಾಟಿನಲ್ಲಿಟ್ಟೆ. ಹಸ್ತಪ್ರತಿಯ ಮೊದಲ ಪುಟದಿಂದ ಸಾಗರವನ್ನು ಕಿತ್ತು, ರಬ್ಬರ್ ಬ್ಯಾಂಡನ್ನು ಇಟ್ಟೆ.

ಈ ಬರಹ ಬಳಗದ ಸಂಚಿಕೆಗಾಗಿ ಅಧ್ಯಕ್ಷರೇ ಕೇಳಿದ್ದು. ನಿನ್ನೆ ಕರಡು ಓದಿ ಫೋನ್ ಮಾಡಿದ್ದರು.

"ಎಲ್ಲಾ ಛಲೋ ಆಗೇತ್ರಿ ಅಕ್ಕಾರ. ಆದ್ರ ಆಕಿ ಹೆಸರ ಎಲ್ಲೂ ಹಾಕಿಲ್ಲಲ್ರಿ? ಸಂಶೋಧಕರ ಮ್ಯಾಲ ಇಷ್ಟ ಮಾತಾಡಿ ನೀವೂ ಅದನ್ನ ಮಾಡೀರಿ."

"ಇಲ್ರಿ. ಸುಮ್ನ ಹೇಳೂ ಹೆಸರಲ್ರಿ ಅದು. ಒಡಪ ಕೂಡೂತನಕ ತಡೀರಿ."

"ಸಂಚಿಕಿ ಸೋಮವಾರ ಪ್ರೆಸ್ಸಿಗೆ ಹೊಂಟೈತ್ರಿ!"

"ಹಂಗಾದ್ರ ಜಾಗಾ ಖಾಲಿ ಬಿಡ್ರಿ," ಎಂದೆ. ಅಧ್ಯಕ್ಷರ ಮಾತಿಗೆ ನಾನು ಎದುರು ಹೇಳಿದ್ದು ಅದೇ ಮೊದಲು.

ಆಕೆಯ ರಾಟಿಯನ್ನು ಕೇಳಿ ತಂದು ನಮ್ಮ ಅಡುಗೆಮನೆಯ ಗೋಡೆಗೆ ಇಟ್ಟುಕೊಂಡಿದ್ದೇನೆ. ನೂಲು ಸುತ್ತಲು ನನಗೆ ಬರುವುದಿಲ್ಲ, ಖಾಲಿ ತಿರುವುತ್ತೇನೆ. ಮಗ್ಗವಿಲ್ಲದ ಮನೆಯಲ್ಲಿ ರಾಟಿಯ ಸದ್ದು ಕೇಳಿ ನಾದಿನಿಯರು ಇವರನ್ನು, "ವೈನಿ ಆರಾಮ ಅದಾರಿಲ್ಲಣ್ಣ?" ಎಂದು ವಿಚಾರಿಸಿದ್ದಾರೆ. ಇವತ್ತು ಮಧ್ಯಾಹ್ನ ಎರಡು ಸಾಲು ತಾವಾಗಿಯೇ ಬಂದವು. ಗಕ್ಕನೆ ಅಂಗೈ ಇಟ್ಟು ಚಕ್ರ ನಿಲ್ಲಿಸಿದೆ.

ನೇದಷ್ಟೂ ಮೈ ಆತು, ಉಳದೈತಿ ಸೆರಗ,
ಬಾಗಲ ಹಿಂದ ನಿಂತಾಕಿ, ಬಾರವ್ವ ಹೊರಗ.

ಕಣ್ಣಲ್ಲಿ ನೀರು ಬಂತು. ಜೋರಾಗಿ ಇನ್ನೊಮ್ಮೆ ಹೇಳಿಕೊಂಡೆ. ಚೆನ್ನಾಗಿಯೇ ಇತ್ತು. ಆದರೆ ಹೆಸರಿಗೆ ಜಾಗ ಸಿಗುವ ಮೊದಲೇ ಪ್ರಾಸ ಮುಗಿದುಹೋಗಿತ್ತು. ಮೇಲಾಗಿ, ಅದು ಮೊದಲು ಬಂದದ್ದು.

ಅಂಗೈ ತೆಗೆದು ರಾಟಿಯನ್ನು ಮತ್ತೆ ತಿರುವಿದೆ.